ಸುಂಕದವನಿಲ್ಲದ ಸುಂಕದಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಆದರೂ ಆ ಗಾದೆಯಲ್ಲಿ ಒಬ್ಬ ಮನುಷ್ಯನಿದ್ದಾನೆ. ಅವನು ಕಿವಿಗೊಡದಿರಬಹುದು, ಆದರೆ ಎದುರಿಗೆ ಕುಳಿತಿರುತ್ತಾನೆ. ದಾರಿಹೋಕನಿಗೆ ಯಾರೊಡನೆ ವಾದಿಸಬೇಕು, ಯಾರ ಮೇಲೆ ದೂರು ಹೇಳಬೇಕು ಎಂಬುದಾದರೂ ತಿಳಿದಿರುತ್ತದೆ. ಈಗ ದೇಶದೇಶಗಳ ಬಾಗಿಲಲ್ಲಿ ಏಳುತ್ತಿರುವ ಹೊಸ ಕಟ್ಟೆಗಳಲ್ಲಿ ಸುಂಕ ಮಾತ್ರ ಉಳಿದು ಸುಂಕದವನು ಕಣ್ಮರೆಯಾಗುತ್ತಿದ್ದಾನೆ.

ವೀಸಾ ಬೇಕಿಲ್ಲದ ವಿದೇಶೀಯರೂ ಹೊರಡುವ ಮೊದಲು ಅಂತರ್ಜಾಲದಲ್ಲಿ ವಿವರ ತುಂಬಿ, ಶುಲ್ಕ ತೆತ್ತು, ಪ್ರಯಾಣಾನುಮತಿ ಪಡೆಯಬೇಕೆಂಬ ನಿಯಮದ ಬಗ್ಗೆ ಈ ಮಾತು. ಆಸ್ಟ್ರೇಲಿಯಾ ಇದನ್ನು 1996ರಲ್ಲಿಯೇ ಆರಂಭಿಸಿತು. ಅಮೆರಿಕ 2009ರ ಜನವರಿಯಿಂದ ಕಡ್ಡಾಯಗೊಳಿಸಿತು. ಕೆನಡಾ 2016ರಲ್ಲಿ ಅದೇ ದಾರಿ ಹಿಡಿಯಿತು. ಬ್ರಿಟನ್ 2023ರ ನವೆಂಬರಿನಲ್ಲಿ ಕತಾರಿನ ಪ್ರಜೆಗಳಿಂದ ತೊಡಗಿ, 2025ರ ಏಪ್ರಿಲ್ ಹೊತ್ತಿಗೆ ಐರ್ಲೆಂಡ್ ಒಂದನ್ನು ಬಿಟ್ಟು ಯುರೋಪಿನ ನೆರೆಯವರನ್ನೂ ಈ ಸಾಲಿಗೆ ನಿಲ್ಲಿಸಿತು. ಅದೇ ತಿಂಗಳು ಶುಲ್ಕ 10 ಪೌಂಡಿನಿಂದ 16ಕ್ಕೆ ಏರಿತು. ಅಮೆರಿಕದ ಶುಲ್ಕ 2025ರ ಸೆಪ್ಟೆಂಬರ್ ಕೊನೆಯಲ್ಲಿ 21 ಡಾಲರಿನಿಂದ 40ಕ್ಕೆ ಜಿಗಿಯಿತು. ಯುರೋಪಿನ ಒಕ್ಕೂಟ 2025ರ ಅಕ್ಟೋಬರ್ 12ರಿಂದ ತನ್ನ ಹೊರಗಡಿಯಲ್ಲಿ ವಿದೇಶೀಯರ ಬೆರಳಚ್ಚು, ಮುಖಚಿತ್ರಗಳನ್ನು ದಾಖಲಿಸತೊಡಗಿದೆ. ಅದರ ಮುಂದಿನ ಹೆಜ್ಜೆಯೇ ಮುಂಗಡ ಅನುಮತಿ. 2018ರ ಕಾನೂನಿನಲ್ಲಿ 7 ಯುರೋ ಎಂದಿದ್ದ ಅದರ ಶುಲ್ಕವನ್ನು ಜಾರಿಗೆ ಬರುವ ಮುನ್ನವೇ 20 ಎಂದು ತಿದ್ದಲಾಗಿದೆ.

ಇದು ನಮಗೇನು ಸಂಬಂಧ ಎಂದು ಕೇಳಬಹುದು. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಈ ದೇಶಗಳೆಲ್ಲ ವೀಸಾ ಕೇಳುವಂಥವು. ಬ್ಯಾಂಕಿನ ಲೆಕ್ಕಪತ್ರ, ಸಂಬಳದ ಚೀಟಿ, ಆಹ್ವಾನಪತ್ರಗಳ ಕಟ್ಟು ಹೊತ್ತು ಸರದಿಯಲ್ಲಿ ನಿಂತವರಿಗೆ, ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪಡೆಯುವ ಅನುಮತಿಯ ಬಗ್ಗೆ ಯುರೋಪಿನವರು ಗೊಣಗುವುದು ಉಂಡವರ ಅಜೀರ್ಣದ ದೂರಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಮನೆಗಳನ್ನು ನೋಡಿ. ಅಜ್ಜ ಅಜ್ಜಿಯರದು ಭಾರತದ ಪಾಸ್‌ಪೋರ್ಟ್, ಮಗಳದು ಕೆನಡಾದ್ದು, ಮೊಮ್ಮಗನದು ಅಮೆರಿಕದ್ದು. ಒಂದೇ ಸಂಸಾರ ಲಂಡನ್ನಿನ ಮದುವೆಗೆ ಹೊರಟರೆ ಹಿರಿಯರಿಗೆ ವೀಸಾ, ಕಿರಿಯರಿಗೆ ಈ ಹೊಸ ಅನುಮತಿ. ನಾವು ಈ ನಿಯಮದ ಹೊರಗಿದ್ದೇವೆ ಎನ್ನುವುದು ಅರ್ಧ ಸತ್ಯ.

ಇನ್ನರ್ಧ ಸತ್ಯ ಕೀನ್ಯಾ, ಶ್ರೀಲಂಕೆಗಳಲ್ಲಿದೆ. 2024ರ ಜನವರಿಯಿಂದ ಯಾವ ದೇಶದವರಿಗೂ ವೀಸಾ ಬೇಕಿಲ್ಲವೆಂದು ಕೀನ್ಯಾ ಸಾರಿತು. ಅದೇ ಉಸಿರಿನಲ್ಲಿ ಮುಂಗಡ ಅನುಮತಿಯನ್ನೂ 30 ಡಾಲರ್ ಶುಲ್ಕವನ್ನೂ ತಂದಿತು. ಅಲ್ಲಿಯವರೆಗೆ ವೀಸಾ ಇಲ್ಲದೆಯೇ ಹೋಗಿಬರುತ್ತಿದ್ದ ಆಫ್ರಿಕಾದ ಕೆಲವು ದೇಶದವರು ‘ವೀಸಾಮುಕ್ತಿ’ ಬಂದ ದಿನದಿಂದಲೇ ಹಣ ತೆರಬೇಕಾಯಿತು. ಆಕ್ಷೇಪಗಳೆದ್ದ ಮೇಲೆ 2025ರಲ್ಲಿ ಆಫ್ರಿಕಾದ ಬಹುತೇಕ ದೇಶಗಳಿಗೆ ವಿನಾಯಿತಿ ದೊರೆಯಿತು. ಶ್ರೀಲಂಕೆಯಲ್ಲಿ ಇಂಥ ಅನುಮತಿ 2012ರಿಂದಲೇ ಇದೆ. ಈ ಎರಡೂ ಕಡೆ ಅದು ಭಾರತೀಯರಿಗೂ ಅನ್ವಯಿಸಿದೆ. ಪದ ಬದಲಾದ ಮಾತ್ರಕ್ಕೆ ಬಾಗಿಲು ತೆರೆದುಕೊಳ್ಳುವುದಿಲ್ಲ.

ತನ್ನೊಳಗೆ ಬರುವವರು ಯಾರೆಂದು ತಿಳಿಯುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಹತ್ತು ಗಂಟೆ ವಿಮಾನದಲ್ಲಿ ಬಂದವನನ್ನು ಬಾಗಿಲಿನಿಂದ ಹಿಂದಕ್ಕೆ ಅಟ್ಟುವುದಕ್ಕಿಂತ ಹೊರಡುವ ಮೊದಲೇ ಬೇಡವೆನ್ನುವುದು ಒಂದು ಅರ್ಥದಲ್ಲಿ ದಯೆಯೇ ಸರಿ. ಶುಲ್ಕವೂ ವೀಸಾದ ಶುಲ್ಕಕ್ಕಿಂತ ಕಡಿಮೆ. ನನ್ನ ತಕರಾರು ಇವುಗಳ ಬಗ್ಗೆ ಅಲ್ಲ. ‘ಇಲ್ಲ’ ಎಂಬ ಉತ್ತರ ಬಂದವನ ಗತಿಯ ಬಗ್ಗೆ.

ಗಡಿ ಈಗ ಪ್ರಯಾಣಿಕನ ಊರಿನ ವಿಮಾನ ನಿಲ್ದಾಣಕ್ಕೇ ಬಂದು ಕುಳಿತಿದೆ. ಅನುಮತಿ ಇಲ್ಲದವನನ್ನು ವಿಮಾನಕ್ಕೆ ಹತ್ತಿಸದಿರುವ ಹೊಣೆ ವಿಮಾನ ಕಂಪನಿಯದು. ತಡೆಯುವ ನೌಕರನಿಗೆ ಕಾರಣ ಗೊತ್ತಿರುವುದಿಲ್ಲ, ನಿರ್ಧರಿಸಿದವರು ಅಲ್ಲಿರುವುದಿಲ್ಲ. ಅಮೆರಿಕದ 2015ರ ಕಾನೂನಿನಂತೆ, 2011ರ ಮಾರ್ಚ್ 1ರ ನಂತರ ಇರಾಕಿಗೋ ಸಿರಿಯಾಕ್ಕೋ ಹೋಗಿಬಂದ ಬ್ರಿಟಿಷ್ ಪ್ರಜೆಗೆ ಸಾಮಾನ್ಯವಾಗಿ ಈ ಅನುಮತಿ ಸಿಗುವುದಿಲ್ಲ. ಅವನು ಹೋದದ್ದು ಕರ್ಬಲೆಯ ಯಾತ್ರೆಗೇ ಇರಬಹುದು, ತಂಗಿಯ ಮದುವೆಗೇ ಇರಬಹುದು. ಅಮೆರಿಕದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ನಿರಾಕರಣೆಯ ವಿರುದ್ಧ ಮೇಲ್ಮನವಿ ಇಲ್ಲ. ಬೇಕಿದ್ದರೆ ವೀಸಾಕ್ಕೆ ಅರ್ಜಿ ಹಾಕು ಎಂಬುದೇ ಉತ್ತರ. ಅಲ್ಲಿಗೆ ಅವನ ವೀಸಾ ವಿನಾಯಿತಿ ಮುಗಿಯಿತು.

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಯುರೋಪಿನ ಒಕ್ಕೂಟದ ಕಾನೂನಿನಲ್ಲಿ, ಗಣಕಯಂತ್ರ ಸಂದೇಹಿಸಿದ ಅರ್ಜಿಯನ್ನು ಸದಸ್ಯ ದೇಶದ ಅಧಿಕಾರಿಗಳು ಪರಿಶೀಲಿಸಲೇಬೇಕು. ನಿರಾಕರಿಸಿದರೆ ಆಧಾರವನ್ನು ತಿಳಿಸಬೇಕು, ಮೇಲ್ಮನವಿಯ ಹಕ್ಕನ್ನೂ ಕೊಡಬೇಕು. ಆಚರಣೆಯಲ್ಲಿ ಇದು ಎಷ್ಟು ಸುಗಮವಾಗುವುದೋ ಕಾದು ನೋಡಬೇಕು. ಆದರೆ ಭದ್ರತೆಯೂ ಉತ್ತರದಾಯಿತ್ವವೂ ಒಂದೇ ಕಾನೂನಿನಲ್ಲಿ ಇರಬಲ್ಲವು ಎಂಬುದಕ್ಕೆ ಅಷ್ಟು ಸಾಕು.

ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಹಂಬಲಿಸುವುದರಿಂದಲೂ ಪ್ರಯೋಜನವಿಲ್ಲ. 1914ಕ್ಕೆ ಮೊದಲು ಪಾಸ್‌ಪೋರ್ಟನ್ನೇ ಕಾಣದೆ ಭಾರತಕ್ಕೂ ಅಮೆರಿಕಕ್ಕೂ ಹೋಗಿಬಂದುದನ್ನು ಆಸ್ಟ್ರಿಯಾದ ಲೇಖಕ ಸ್ಟೆಫಾನ್ ತ್ಸ್ವೈಗ್ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಅದೇ 1914ರಲ್ಲಿ ‘ಕೊಮಗಾಟ ಮಾರು’ ಹಡಗು 376 ಭಾರತೀಯರನ್ನು ಹೊತ್ತು ವ್ಯಾಂಕೂವರಿನ ದಡದಲ್ಲಿ ಎರಡು ತಿಂಗಳು ಲಂಗರು ಹಾಕಿ ನಿಂತಿತ್ತು. ಇಳಿಯಲು ಅನುಮತಿ ದೊರೆತದ್ದು 24 ಜನರಿಗೆ ಮಾತ್ರ. ಅವರ ವಿರುದ್ಧ ಬಳಸಲಾದ ಕೆನಡಾದ ನಿಯಮಗಳಲ್ಲಿ 1908ರ ಒಂದು ಆಜ್ಞೆ ಮುಖ್ಯವಾದುದು. ಅದರಲ್ಲಿ ಭಾರತೀಯರೆಂಬ ಪದವೇ ಇರಲಿಲ್ಲ. ತಾಯ್ನಾಡಿನಿಂದ ಎಲ್ಲಿಯೂ ತಂಗದೆ, ಒಂದೇ ಟಿಕೆಟಿನಲ್ಲಿ ಬಂದವರಿಗಷ್ಟೇ ಪ್ರವೇಶ ಎಂದಿತ್ತು. ಭಾರತದಿಂದ ಅಂಥ ನೇರ ಹಡಗಿನ ಸೌಕರ್ಯವೇ ಇರಲಿಲ್ಲ. ಬಾಗಿಲು ಮುಚ್ಚಿದ್ದು ಬಂದರಿನಲ್ಲಲ್ಲ, ಟಿಕೆಟಿನ ಕಟ್ಟೆಯಲ್ಲಿ. ನಿಯಮ ಎಲ್ಲರಿಗೂ ಒಂದೇ ಎಂದು ತೋರುವಾಗ ಅದು ಯಾರನ್ನು ತಡೆಯುತ್ತದೆ ಎಂದು ಕೇಳುವುದನ್ನು ಆ ಹಡಗು ನಮಗೆ ಕಲಿಸಿರಬೇಕು.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ. ನಿರಾಕರಣೆಗೆ ಬರೆದ ಕಾರಣ ಬೇಕು. ಆ ಕಾರಣವನ್ನು ಮತ್ತೊಮ್ಮೆ ತೂಗಿನೋಡುವ ಅಧಿಕಾರವುಳ್ಳ ಒಬ್ಬ ಮನುಷ್ಯ ಬೇಕು. ಅವನ ಉತ್ತರಕ್ಕೆ ಗೊತ್ತಾದ ಗಡುವು ಬೇಕು. 2014ರಿಂದ ವಿದೇಶೀಯರಿಗೆ ಅಂತರ್ಜಾಲದ ಮೂಲಕವೇ ಪ್ರವಾಸಿ ಅನುಮತಿ ನೀಡುತ್ತ ಬಂದಿರುವ ನಮ್ಮ ದೇಶಕ್ಕೂ ಈ ಮಾತು ಸಲ್ಲಬೇಕು. ಪರರ ಕಟ್ಟೆಯಲ್ಲಿ ಕೇಳುವ ನ್ಯಾಯವನ್ನು ನಮ್ಮ ಕಟ್ಟೆಯಲ್ಲಿ ಕೊಡಲೊಲ್ಲೆವು ಎನ್ನುವಂತಿಲ್ಲ. ವಿವರ ಕೇಳಿದರೆ ಕೊಡೋಣ, ಸುಂಕ ಕೇಳಿದರೆ ತೆರೋಣ. ಬೇಡವೆಂದವರು ಏಕೆಂದು ಹೇಳಲಿ.