ಟೈರ್ ಮೇಲಿನ ನಾಲ್ಕು ಅಂಕಿ ‘ಎಕ್ಸ್‌ಪೈರಿ ಡೇಟ್’ ಎಂಬುದು ನಿಜವೇ? ಸಣ್ಣ ಕಾರಿಗೆ ಹೊಸ ಟೈರ್ ಆರಿಸುವುದು ಹೇಗೆ?

‘ನಿಮ್ಮ ಕಾರಿನ ಟೈರ್ ಮೇಲೆ ನಾಲ್ಕು ಅಂಕಿಗಳಿವೆ. ಆ ದಿನಾಂಕದಿಂದ ನಾಲ್ಕು ವರ್ಷ ದಾಟಿದರೆ ಟೈರ್ ಸಿಡಿಯುತ್ತದೆ. ತಪ್ಪದೇ ಎಲ್ಲರಿಗೂ ಕಳಿಸಿ.’ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುವ ಸಂದೇಶವಿದು. ಇದರಲ್ಲಿ ಅರ್ಧ ಮಾತ್ರ ನಿಜ.

ನಾಲ್ಕು ಅಂಕಿಗಳು ಇರುವುದು ನಿಜ. ಆದರೆ ಅವು ಹೇಳುವುದು ಟೈರ್ ತಯಾರಾದ ವಾರ ಮತ್ತು ವರ್ಷವನ್ನು. 2323 ಎಂದಿದ್ದರೆ 2023ರ 23ನೇ ವಾರ ಎಂದರ್ಥ. ನಾಲ್ಕು ವರ್ಷಕ್ಕೆ ಟೈರ್ ಕೆಡುತ್ತದೆ ಎಂಬ ನಿಯಮವಿಲ್ಲ. ಹಾಗೆಂದು ರಬ್ಬರ್‌ಗೆ ವಯಸ್ಸಾಗುವುದಿಲ್ಲ ಎಂದಲ್ಲ. ಬಿಸಿಲು, ಶಾಖ ಮತ್ತು ಗಾಳಿಯ ಆಮ್ಲಜನಕದಿಂದ ಅದು ನಿಧಾನವಾಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಐದು ವರ್ಷದ ನಂತರ ಪ್ರತಿವರ್ಷ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಬದಲಿಸಬೇಕು ಎಂದು ಕೆಲವು ತಯಾರಕರು ಹೇಳುತ್ತಾರೆ. ಕೆಲವು ಕಾರು ಕಂಪನಿಗಳ ಸಲಹೆ ಆರು ವರ್ಷ. ನಿಮ್ಮ ಕಾರಿನ ಕೈಪಿಡಿ ನೋಡುವುದು ಒಳ್ಳೆಯದು.

ಯಾವಾಗ ಬದಲಿಸಬೇಕು?

ಟೈರ್‌ನ ಗಾಡಿಗಳ, ಅಂದರೆ ಗ್ರೂವ್‌ಗಳ, ಒಳಗೆ ಸಣ್ಣ ಉಬ್ಬುಗಳಿರುತ್ತವೆ. ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವ ಆಳ 1.6 ಮಿ.ಮೀ. ಕಾನೂನಿನ ಕನಿಷ್ಠ ಮಿತಿಯೂ ಅದೇ. ಮಳೆಯಲ್ಲಿ ನೀರನ್ನು ಹೊರಗೆ ತಳ್ಳುವುದು ಈ ಗ್ರೂವ್‌ಗಳೇ. ಅವು ಸವೆದಿದ್ದರೆ ಟೈರ್ ನೀರಿನ ಪದರದ ಮೇಲೆ ತೇಲುತ್ತದೆ, ಬ್ರೇಕೂ ಸ್ಟೀರಿಂಗೂ ಮಾತು ಕೇಳುವುದಿಲ್ಲ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳಿ. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರಗಳು ತುಂಡಾಗಿವೆ ಎಂದರ್ಥ, ಆಗ ಕಾಯಬೇಡಿ.

ಅಳತೆಯ ಲೆಕ್ಕ

165/80 ಆರ್14 85ಟಿ ಎಂದು ಬರೆದಿದೆ ಎಂದುಕೊಳ್ಳೋಣ. ಅಗಲ 165 ಮಿ.ಮೀ. ಪಕ್ಕದ ಎತ್ತರ ಅಗಲದ ಶೇ. 80. ರಿಮ್ 14 ಇಂಚು. 85 ಎಂದರೆ ಒಂದು ಟೈರ್ 515 ಕೆ.ಜಿ. ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗದವರೆಗೆ. ಕೊನೆಯ ಎರಡು ಮೂಲ ಟೈರ್‌ಗಿಂತ ಕಡಿಮೆ ಇರಬಾರದು.

‘ಅಗಲದ ಟೈರ್ ಹಾಕಿಸಿ, ಹಿಡಿತ ಜಾಸ್ತಿ’ ಎಂಬ ಸಲಹೆಯೂ ಸಿಗುತ್ತದೆ. ಇದೇ ಕಾರಿಗೆ 185/80 ಆರ್14 ಹಾಕಿದರೆ ಚಕ್ರದ ವ್ಯಾಸ 620ರಿಂದ 652 ಮಿ.ಮೀ.ಗೆ ಏರುತ್ತದೆ. ಆಗ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ ಸ್ಪೀಡೋಮೀಟರ್ ಮೊದಲಿಗಿಂತ ಸುಮಾರು ಶೇ. 5ರಷ್ಟು ಕಡಿಮೆ ವೇಗ ತೋರಿಸುತ್ತದೆ. ಮೈಲೇಜ್ ಇಳಿಯಬಹುದು, ಟೈರ್ ಬಾಡಿಗೆ ತಾಗಬಹುದು. ಕೈಪಿಡಿಯಲ್ಲಿರುವ ಅಳತೆಯೇ ಸುರಕ್ಷಿತ. ಐಎಸ್‌ಐ ಗುರುತು ಇದೆಯೇ ಎಂಬುದನ್ನೂ ನೋಡಿ.

ಎರಡೇ ಟೈರ್ ಬದಲಿಸಿದರೆ?

ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಓಡುತ್ತವೆ, ಮುಂದಿನ ಟೈರ್‌ಗಳೇ ಬೇಗ ಸವೆಯುತ್ತವೆ. ಹೊಸದನ್ನು ಅಲ್ಲಿಗೇ ಹಾಕಬೇಕು ಎಂದು ಅನ್ನಿಸುವುದು ಸಹಜ. ಆದರೆ ಟೈರ್ ತಯಾರಕರ ಸಲಹೆ ಹೊಸದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರ್ ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಸಾಮಾನ್ಯ ಚಾಲಕರು ಸಂಭಾಳಿಸುವುದು ಕಷ್ಟ.

ಗಾಳಿ ಎಷ್ಟು?

ಟೈರ್ ಪಕ್ಕದಲ್ಲಿ ಬರೆದಿರುವುದು ಗರಿಷ್ಠ ಒತ್ತಡ, ತುಂಬಿಸಬೇಕಾದ ಒತ್ತಡವಲ್ಲ. ಅದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಸ್ಟಿಕರ್‌ನಲ್ಲಿ ಇರುತ್ತದೆ. ಟೈರ್ ತಣ್ಣಗಿರುವಾಗ ನೋಡಿ. ನೈಟ್ರೋಜನ್ ತುಂಬಿಸಿದರೆ ಟೈರ್ ಸಿಡಿಯುವುದೇ ಇಲ್ಲ ಎಂಬುದೂ ಸರಿಯಲ್ಲ. ನಮ್ಮ ಸುತ್ತಲಿನ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಅದು ಸ್ವಲ್ಪ ನಿಧಾನವಾಗಿ ಸೋರುತ್ತದೆ ನಿಜ, ಆದರೂ ಒತ್ತಡ ನೋಡುವುದು ತಪ್ಪುವುದಿಲ್ಲ. ಗಾಳಿ ಕಡಿಮೆಯಾದ ಟೈರ್ ಹೆಚ್ಚು ಮಡಿಚಿ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ ಟೈರ್ ಸಿಡಿಯಲು ಇದು ಮುಖ್ಯ ಕಾರಣಗಳಲ್ಲಿ ಒಂದು.

ಆ ಸಂದೇಶ ಮತ್ತೆ ಬಂದರೆ, ಅದನ್ನು ನಂಬಿ ಚೆನ್ನಾಗಿರುವ ಟೈರ್ ಬಿಸಾಡಬೇಡಿ. ನಾಲ್ಕು ವರ್ಷ ಆಗಿಲ್ಲವೆಂದು ಸವೆದ ಟೈರ್‌ನಲ್ಲಿ ಘಾಟಿ ಹತ್ತಲೂಬೇಡಿ. ಕಳಿಸಿದವರಿಗೆ ಗ್ರೂವ್‌ಗಳ ಆಳವನ್ನೂ ಗಾಳಿಯನ್ನೂ ನೋಡಿಕೊಳ್ಳಲು ಹೇಳಿ.