ಗುಳೆ ಹೋದವರ ಜ್ವರ ಯಾವ ಲೆಕ್ಕಕ್ಕೆ?

ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ತಂದಿತು; ಭತ್ತದ ಹಿಂದೆಯೇ ಹೊರಗಿನ ಕೂಲಿಗಳೂ ಬಂದರು. ಆದರೂ ಯಾದಗಿರಿಯಲ್ಲಿ ರೈಲು ಹತ್ತಿ ಮುಂಬಯಿಗೆ ಗುಳೆ ಹೋಗುವವರು ಇಂದಿಗೂ ಇದ್ದಾರೆ.

ಕಾಲುವೆ ಸೋರಿ ನಿಂತ ನೀರು ಅನಾಫಿಲಿಸ್ ಸೊಳ್ಳೆಗೆ ತವರುಮನೆ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದು. ಕ್ಲೋರೋಕ್ವಿನ್ ನುಂಗಿದರೆ ಜ್ವರವೇನೋ ಬೇಗ ಇಳಿಯುತ್ತದೆ. ರೋಗವನ್ನು ಬುಡಸಹಿತ ಕೀಳಲು ಪ್ರೈಮಾಕ್ವಿನ್ ಮಾತ್ರೆ 14 ದಿನ ಬೇಕು. ಅಷ್ಟರಲ್ಲಿ ಕೂಲಿಯವನು ಗಂಟುಮೂಟೆ ಕಟ್ಟಿರುತ್ತಾನೆ! ಶಹಾಪುರದಲ್ಲಿ ಹತ್ತಿದ ಜ್ವರ ಮುಂಬಯಿಯ ಜೋಪಡಿಯಲ್ಲಿ ಮರುಕಳಿಸುತ್ತದೆ. ದಾಖಲಾದರೆ ಅಲ್ಲಿಯ ಲೆಕ್ಕಕ್ಕೆ.

ದೊಡ್ಡ ನೀರಾವರಿ ಯೋಜನೆಗಳಿಗೆ ಮೊದಲೇ ಪರಿಸರ ಪರಿಣಾಮದ ಅಧ್ಯಯನ ಆಗಬೇಕೆಂದು ಕೇಂದ್ರದ 2006ರ ಅಧಿಸೂಚನೆ ಹೇಳುತ್ತದೆ. ಅಧ್ಯಯನಕ್ಕೆ ಬರುವವರು ಬೀಗ ಹಾಕಿದ ಮನೆಯನ್ನೂ, ಕ್ಯಾಂಪಿನ ಗುಡಿಸಲನ್ನೂ ಬಿಡಬಾರದು. ಹಬ್ಬದ ವೇಳೆ ಬಂದರೆ ಲೇಸು, ಗುಳೆ ಹೋದವರೂ ಸಿಗುತ್ತಾರೆ.