ತಂಬೂರಿ ನಮ್ಮ ಮಗ್ಗಲದಾಗೇ ಐತಿ

ಮ್ಹೈಸಾಳದ ಗೆಳೆಯರೇ, ದವಾಖಾನಿಗೆ, ರೈಲಿಗೆ ಅಂತ ನಾವು ಮಿರಜಿಗೆ ಹೋಗತೀವಿ. ಸಿತಾರಮೇಕರ ಗಲ್ಲಿಗೆ ಎಷ್ಟು ಮಂದಿ ಹೋಗೀವಿ? ಅಲ್ಲಿಯ ಸಿತಾರ, ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆಯಿಂದ ಒಲೆ ಉರಿಯೋದಿಲ್ಲ, ಗಿರಾಕಿ ಬೇಕು. ಮೊಬೈಲಿನಲ್ಲಿ ತಂಬೂರಿ ಪುಕ್ಕಟೆ ಸಿಗುವಾಗ ಈ ಕೈಕೆಲಸ ಕಲಿಯಾಕ ಹುಡುಗರು ಎಲ್ಲಿಂದ ಬರಬೇಕು?

ಇದು ಬ್ಯಾರೆಯವರ ಸಂಗತಿ ಅನ್ನಬ್ಯಾಡ್ರಿ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರೇ ಕುಂದಗೋಳದ ಸವಾಯಿ ಗಂಧರ್ವರ ಗುರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಂದದ್ದು ಅದೇ ದಾರಿಯಿಂದ.

ನಮ್ಮ ಭಜನಾ ಮಂಡಳಿಗಳ ಮುಂದಿನ ತಂಬೂರಿ ಆ ಗಲ್ಲಿಯಿಂದಲೇ ಬರಲಿ. ಹಳೇದು ಕೆಟ್ಟಿದ್ದರೆ ಅಲ್ಲೇ ರಿಪೇರಿ ಮಾಡಿಸೋಣ. ಮೀರಾಸಾಹೇಬ ದರ್ಗಾದ ಉರುಸಿನ ಸಂಗೀತಕ್ಕೆ ಗುಂಪು ಕಟ್ಟಿಕೊಂಡು ಹೋಗೋಣ. ಸೌದಾ ಮಾತ್ರ ಕನ್ನಡದಾಗೇ ಮಾಡ್ರಿ!